ಮಡಿಕೇರಿಯ ಹಳೇ ಮನೆಗೆ ಹೊಸ ಅಡುಗೆಮನೆ: ಸೌದೆ ಒಲೆ ಇಟ್ಟುಕೊಳ್ಳಲಾ, ತೆಗೆಸಲಾ?

ಗಾಳಿಬೀಡು ರಸ್ತೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಡಿಕೇರಿಯಲ್ಲಿ ಗಾಳಿಬೀಡು ರಸ್ತೆ ಕಡೆಯ ಹಳೇ ಹೆಂಚಿನ ಮನೆ. ಮಾವ 1974ರಲ್ಲಿ ಕಟ್ಟಿಸಿದ್ದು. ನಾನು 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ಎರಡು ವರ್ಷದ ಹಿಂದೆ ನಿವೃತ್ತಿಯಾದೆ. ಬಂದ ದುಡ್ಡಿನಲ್ಲಿ ಮೊದಲು ಅಡುಗೆಮನೆ ಸರಿ ಮಾಡಿಸಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಹುತ್ತರಿ ಸುಗ್ಗಿ ಹಬ್ಬ ಮುಗಿದ ಮೇಲೆ ಕೆಲಸ ಶುರು ಮಾಡಿ ಮೇ ಒಳಗೆ ಮುಗಿಸಬೇಕು. ಜೂನ್ ಬಂದರೆ ಸಿಮೆಂಟೂ ಒಣಗಲ್ಲ, ಪೇಂಟೂ ಒಣಗಲ್ಲ.

ಮಗ ಬೆಂಗಳೂರಿನಲ್ಲಿದ್ದಾನೆ. ಅವನೇ ಆಸೆಪಟ್ಟು ಅಲ್ಲಿನ ಒಬ್ಬ ಡಿಸೈನರ್ ಹತ್ತಿರ ನಕ್ಷೆ ಬರೆಸಿ ಕಳಿಸಿದ. ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆಯುವುದು. ನಡುವೆ ಒಂದು ದೊಡ್ಡ ಕಟ್ಟೆ, ಸುತ್ತ ಎತ್ತರದ ಸ್ಟೂಲು. ಬಿಳಿ ಬಣ್ಣದ ಹೊಳೆಯುವ ಬಾಗಿಲುಗಳು, ಸೂರಿನವರೆಗೂ ಕಬೋರ್ಡು, ಮೇಲೆ ಬಿಳಿ ಮಾರ್ಬಲ್. ಸೌದೆ ಒಲೆ ಇರುವ ಮೂಲೆಯಲ್ಲಿ ದೊಡ್ಡ ಫ್ರಿಡ್ಜ್. ಚಿತ್ರ ನೋಡಲು ತುಂಬಾ ಚೆನ್ನಾಗಿದೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆ ಹೋಂಸ್ಟೇ ಆಗಿವೆ, ಮೂರರಲ್ಲಿ ಈಗ ಇದೇ ಥರದ ಅಡುಗೆಮನೆ. ನನಗೂ ಆಸೆ ಇಲ್ಲ ಅಂತಲ್ಲ. ಕತ್ತಲೆ ಅಡುಗೆಮನೆಯಲ್ಲಿ 34 ವರ್ಷ ನಿಂತವಳು ನಾನು. ಬೆಳಕು ಬೇಕು, ಸಲೀಸಾಗಿ ಎಳೆಯುವ ಡ್ರಾಯರ್ ಬೇಕು, ಬಗ್ಗದೆ ಪಾತ್ರೆ ಸಿಗಬೇಕು.

ಆದರೆ ನಕ್ಷೆ ನೋಡಿದಾಗಿನಿಂದ ಒಂದೇ ಯೋಚನೆ. ಇದನ್ನು ಬರೆದವರು ನಮ್ಮ ಜುಲೈ ತಿಂಗಳನ್ನು ನೋಡಿಲ್ಲ.

ನಮ್ಮ ಒಲೆ ಪಡುವಣ ಗೋಡೆಗೆ ತಾಗಿದೆ. ಎರಡು ಕಣ್ಣಿನ ಮಣ್ಣಿನ ಒಲೆ. ಮೇಲೆ ಬಿದಿರಿನ ಅಟ್ಟ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಣಗಿದ ಜಾಗ ಅಂದರೆ ಅದೊಂದೇ. ಮಗನ ಶಾಲೆಯ ಯೂನಿಫಾರ್ಮು ಅಲ್ಲೇ ಒಣಗುತ್ತಿತ್ತು. ಉಪ್ಪಿನ ಭರಣಿ, ಬೆಂಕಿಪೊಟ್ಟಣ, ಬಿತ್ತನೆಗೆ ಇಟ್ಟ ಸೌತೆ ಬೀಜ, ಕರಿಮೆಣಸು ಎಲ್ಲ ಅಲ್ಲೇ. ಒಲೆಯ ಹಿಂದಿನ ಗೋಡೆಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಬೂಷ್ಟು ಹಿಡಿದಿಲ್ಲ. ಪಕ್ಕದ ಕೋಣೆಯ ಅದೇ ಗೋಡೆ ಪ್ರತಿ ಆಗಸ್ಟಿಗೆ ಹಸಿರಾಗುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆಯ ನಮ್ಮ ನೆಂಟರು ಮನೆ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದರು. ಮನೆಯಲ್ಲಿ 14 ಜನ. ಕರೆಂಟ್ ಇಲ್ಲ, ಸಿಲಿಂಡರ್ ಗಾಡಿ ಬರುತ್ತಿಲ್ಲ. ಒಂಬತ್ತು ದಿನ ಆ ಒಲೆಯಲ್ಲೇ ಗಂಜಿ ಬೇಯಿಸಿದೆವು, ಅದರ ಮುಂದೆಯೇ ಮಕ್ಕಳನ್ನು ಕೂರಿಸಿ ತಲೆ ಒಣಗಿಸಿದೆವು. ಅದನ್ನು ತೆಗೆದು ಫ್ರಿಡ್ಜ್ ಇಡಿ ಅಂದಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅತ್ತೆಗೆ 79. ಈಗಲೂ ಬೆಳಿಗ್ಗೆ ಒಲೆ ಹಚ್ಚುವುದು ಅವರೇ. ನಕ್ಷೆ ತೋರಿಸಿದೆ. ಒಂದೇ ಮಾತು ಕೇಳಿದರು, "ಕಾಚಂಪುಳಿ ಎಲ್ಲಿ ಕಾಯಿಸುವುದು?" ಹಣ್ಣಿನ ರಸ ಕಾಯಿಸಿ ಇಂಗಿಸಿ ಮಾಡುವ ನಮ್ಮ ಕೊಡಗಿನ ಕಪ್ಪು ಹುಳಿ ಅದು.

ಇನ್ನೊಂದು ಹೆದರಿಕೆಯೂ ಇದೆ. ನನ್ನ ತಂಗಿ ಮನೆ ಕುಶಾಲನಗರದ ಒಂದು ಲೇಔಟಿನಲ್ಲಿ. 2019ರಲ್ಲಿ ಹೊಳೆ ನೀರು ಒಳಗೆ ಬಂದು ಮೊಣಕಾಲು ಮಟ್ಟ ನಿಂತಿತ್ತು. ಆಗಷ್ಟೇ ಮಾಡಿಸಿದ್ದ ಮಾಡ್ಯುಲರ್ ಕಿಚನ್. ನೀರು ಇಳಿದ ಮೇಲೆ ನೋಡಿದರೆ ಕೆಳಗಿನ ಬಾಕ್ಸೆಲ್ಲ ನೆನೆದ ರಸ್ಕಿನ ಹಾಗೆ ಉಬ್ಬಿ ಬಿಟ್ಟುಕೊಂಡಿತ್ತು. ಒಳಗೆ ಇದ್ದದ್ದು ಮರದ ಪುಡಿ ಒತ್ತಿ ಮಾಡಿದ ಹಲಗೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ನಮಗೆ ಹೊಳೆ ಬರುವುದಿಲ್ಲ, ಆದರೆ ನಾಲ್ಕು ತಿಂಗಳು ಗಾಳಿಯಲ್ಲೇ ನೀರಿರುತ್ತದೆ.

ಒಲೆ ಏನು ಮಾಡಲಿ? ಯಾವ ಮರ, ಯಾವ ಕಲ್ಲು ಹಾಕಿಸಲಿ? ಗೋಡೆ ಒಡೆಯಬಹುದಾ? ಈ ಊರಲ್ಲೇ ಮಾಡಿಸಿ ನಾಲ್ಕೈದು ಮಳೆಗಾಲ ಕಂಡವರು ಹೇಳಿದರೆ ದೊಡ್ಡ ಉಪಕಾರ.

ಉಳಿ ಬಾಚಿ

ಟೀಚರೇ, ನಮಸ್ಕಾರ. ನಾನು ಸುಂಟಿಕೊಪ್ಪದವನು, 26 ವರ್ಷದಿಂದ ಮರದ ಕೆಲಸ. ಒಲೆಯ ವಿಷಯ ನಿಮ್ಮ ಮನೆಯವರು ಕೂತು ತೀರ್ಮಾನ ಮಾಡಿ. ನಾನು ಮರದ ಬಗ್ಗೆ ಹೇಳುತ್ತೇನೆ.

ಕುಶಾಲನಗರಕ್ಕೂ ಮಡಿಕೇರಿಗೂ 30 ಕಿಲೋಮೀಟರ್ ದೂರ, ಆದರೆ ಮರಕ್ಕೆ ಅವೆರಡೂ ಬೇರೆ ದೇಶ. ಅಲ್ಲಿ ಹತ್ತು ವರ್ಷ ಬಾಳುವ ಬಾಗಿಲು ಇಲ್ಲಿ ಮೂರನೇ ಮಳೆಗೆ ಸೊಟ್ಟಗಾಗುತ್ತದೆ. ಜುಲೈ ಒಂದರಲ್ಲೇ 40 ಇಂಚು ಮಳೆ ಸುರಿಯುವ ಊರು ನಿಮ್ಮದು.

ನಿಮ್ಮ ತಂಗಿ ಮನೆಯಲ್ಲಿದ್ದಂಥ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಬಾಗಿಲೂ ಬೇಡ, ಎಷ್ಟೇ ನುಣುಪಾಗಿದ್ದರೂ. ಪ್ಲೈವುಡ್ ತೆಗೆದುಕೊಂಡರೆ ಹಾಳೆಯ ಮೇಲೆ ಐಎಸ್ 710 ಅಂತ ಭಾರತೀಯ ಮಾನಕದ ಮುದ್ರೆ ಇದೆಯಾ ನೋಡಿ. ಆ ದರ್ಜೆಯ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಐಎಸ್ 303ರಲ್ಲಿ ಎರಡು ಬಗೆ. ಬಿಡಬ್ಲ್ಯುಆರ್ ಅಂದರೆ ಅದಕ್ಕಿಂತ ಕಡಿಮೆ ಹೊತ್ತು ಕುದಿಸಿ ನೋಡಿದ್ದು. ಎಂಆರ್ ಅಂದರೆ ಬರೀ ತೇವ ತಡೆಯುವಂಥದ್ದು, ಅದು ಅಡುಗೆಮನೆಗಲ್ಲ. ಅಂಗಡಿಯವರು ವಾಟರ್‌ಪ್ರೂಫ್ ಅಂತ ಎಲ್ಲಕ್ಕೂ ಒಂದೇ ಮಾತು ಹೇಳುತ್ತಾರೆ. ಮುದ್ರೆ ನೋಡದೆ ದುಡ್ಡು ಕೊಡಬೇಡಿ. ಹಾಳೆ ಕತ್ತರಿಸುವಾಗ ನೀವೂ ನಿಂತು ನೋಡಿ.

ಆದರೆ ಪ್ಲೈಗಿಂತ ಮುಖ್ಯ ಅದರ ಅಂಚು. ನೀರು ಒಳಗೆ ಹೋಗುವುದು ಅಂಚಿನಿಂದ, ಸ್ಕ್ರೂ ತೂತಿನಿಂದ. ಸಿಂಕಿನ ಕೆಳಗಿನ ಬಾಕ್ಸಿಗೆ ನಾಲ್ಕೂ ಅಂಚು ಮುಚ್ಚಿಸಿ, ಕಣ್ಣಿಗೆ ಕಾಣದ ಹಿಂದಿನ ಅಂಚೂ ಸೇರಿ. ಕೆಲಸಗಾರರು ಬಿಡುವುದು ಅದನ್ನೇ.

ಇನ್ನೊಂದು. ಹೊರಗೋಡೆಗೆ ಕಬೋರ್ಡ್ ಅಂಟಿಸಬೇಡಿ. ಮುಕ್ಕಾಲು ಇಂಚು ಗಾಳಿ ಆಡುವ ಹಾಗೆ ಬಿಟ್ಟು ಕೂರಿಸಿ. ಕೆಳಗೆ ನಾಲ್ಕರಿಂದ ಆರು ಇಂಚಿನ ಪ್ಲಾಸ್ಟಿಕ್ ಕಾಲು ಕೊಟ್ಟು, ಮುಂದೆ ಕಳಚುವ ಪಟ್ಟಿ ಹಾಕಿ. ಮಳೆಗಾಲದಲ್ಲಿ ಪಟ್ಟಿ ಕಿತ್ತಿಟ್ಟರೆ ಕೆಳಗೆ ಗಾಳಿ ಓಡುತ್ತದೆ. ಸೂರಿನವರೆಗಿನ ಕಬೋರ್ಡನ್ನು ನಾನು ಮಡಿಕೇರಿಯಲ್ಲಿ ಮಾಡಿಕೊಡುವುದಿಲ್ಲ. ವರ್ಷಕ್ಕೊಮ್ಮೆ ತೆಗೆಯುವ ಬಾಗಿಲ ಹಿಂದೆ ಬೂಷ್ಟು ಬಿಟ್ಟು ಬೇರೇನೂ ಬೆಳೆಯಲ್ಲ.

ಸಿಂಕಿನ ಕೆಳಗೆ ಮರವೇ ಬೇಡ ಅನ್ನಿಸಿದರೆ ನಮ್ಮ ಹಿರಿಯರ ದಾರಿ ಇದೆ, ಕಡಪ ಕಲ್ಲಿನ ಶೆಲ್ಫ್. ಕೇರಳ ಕಡೆಯಿಂದ ಬಂದ ಫೆರೋಸಿಮೆಂಟ್ ಹಲಗೆಯೂ ಇದೆ. ತೆಳ್ಳಗೆ, ಒಳಗೆ ತಂತಿ ಬಲೆ. ಬಾಗಿಲಿಗೆ ಮಾತ್ರ ಪ್ಲೈ ಅಥವಾ ಅಲ್ಯೂಮಿನಿಯಂ. ವಿರಾಜಪೇಟೆ, ಗೋಣಿಕೊಪ್ಪ ಕಡೆ ಎಷ್ಟೋ ಮನೆಯಲ್ಲಿ ಅಲ್ಯೂಮಿನಿಯಂ ಬಂದಿದೆ. ನನಗೆ ಅದರ ಸದ್ದು ಇಷ್ಟವಿಲ್ಲ, ಆದರೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಅದು ನಿಜ.

ನಿಮ್ಮ ಮನೆಯಲ್ಲಿ ಹಳೇ ಬೀಟೆ, ಹೆಬ್ಬಲಸು, ನಂದಿ ಹಲಗೆ ಏನಾದರೂ ಅಟ್ಟದಲ್ಲಿ ಬಿದ್ದಿದ್ದರೆ ಯಾರಿಗೂ ಕೊಡಬೇಡಿ. 40 ವರ್ಷ ಒಣಗಿದ ಮರ ಹೊಸ ಮರದಷ್ಟು ಅಲುಗಲ್ಲ. ಬಾಗಿಲ ಚೌಕಟ್ಟಿಗೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ.

ನಾಪೋಕ್ಲು ಅಂಗಳ

ಟೀಚರಕ್ಕ, ನಾವು ಆರು ವರ್ಷದಿಂದ ಹೋಂಸ್ಟೇ ನಡೆಸುತ್ತಿದ್ದೇವೆ. ಗೋಡೆ ಒಡೆದು ಓಪನ್ ಕಿಚನ್ ಮಾಡಿಸಿದ್ದು ನಾವೇ. ಮೂರನೇ ವರ್ಷ ಮತ್ತೆ ಗೋಡೆ ಕಟ್ಟಿಸಿದ್ದೂ ನಾವೇ.

ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಮಳೆಗಾಲದಲ್ಲಿ ಕಿಟಕಿ ತೆಗೆಯಲು ಆಗುವುದಿಲ್ಲ. ಪಂದಿ ಕರಿಗೆ ಹುರಿದ ಮಸಾಲೆ, ಒಣಮೀನು, ಕಣಿಲೆ ಬೇಯಿಸಿದ ನೀರು, ಈ ವಾಸನೆ ಎಲ್ಲ ಸೋಫಾ ಬಟ್ಟೆಗೆ, ಪರದೆಗೆ ಹಿಡಿಯುತ್ತದೆ. ಒಗೆದರೆ ಒಣಗಿಸಲು ಬಿಸಿಲಿಲ್ಲ. ಅದರ ಜೊತೆಗೆ ಹಬೆ. ದಿನಾ ಕಡುಬು, ನೂಪುಟ್ಟು ಅಂದರೆ ಒತ್ತು ಶಾವಿಗೆ ಬೇಯಿಸುವ ಮನೆಯಲ್ಲಿ ಎಷ್ಟು ಹಬೆ ಏಳುತ್ತದೆ ಅಂತ ಲೆಕ್ಕ ಹಾಕಿ. ನಮ್ಮ ಹಾಲಿನಲ್ಲಿ ತಾತನ ಫೋಟೋದ ಗಾಜಿನ ಒಳಗೇ ನೀರು ಕೂತಿತ್ತು.

ಈಗ ಏನು ಮಾಡಿದ್ದೇವೆ ಅಂದರೆ, ಗೋಡೆ ಇದೆ, ಅದರಲ್ಲಿ ನಾಲ್ಕಡಿ ಅಗಲದ ಕಿಟಕಿ. ಎರಡು ಗಾಜಿನ ಬಾಗಿಲು ಸರಿಸಿದರೆ ಹಾಲಿನವರ ಜೊತೆ ಮಾತಾಡಬಹುದು, ತಟ್ಟೆ ದಾಟಿಸಬಹುದು. ಮೀನು ಹುರಿಯುವಾಗ ಮುಚ್ಚಬಹುದು. ನಿಮಗೆ ಅಷ್ಟು ಸಾಕು ಅಂತ ನನ್ನ ಅನಿಸಿಕೆ.

ಚಿಮಣಿ ಹಾಕಿಸಿದರೆ ಪೈಪು ಹೊರಗೆ ಹೋಗುವಂಥದ್ದೇ ಹಾಕಿಸಿ. ಪೈಪಿಲ್ಲದ್ದು ಎಣ್ಣೆ ಹಿಡಿಯುತ್ತದೆ ಅಷ್ಟೇ, ಹಬೆಯನ್ನು ಮತ್ತೆ ಕೋಣೆಗೇ ಬಿಡುತ್ತದೆ. ಪೈಪಿನ ಬಾಯಿ ಪಡುವಣಕ್ಕೆ ಬೇಡ. ಗಾಳಿ ಮಳೆ ಎರಡೂ ಆ ಕಡೆಯಿಂದಲೇ ನುಗ್ಗುವುದು, ನೀರು ಒಲೆಯ ಮೇಲೆ ತೊಟ್ಟಿಕ್ಕುತ್ತದೆ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ.

ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಬೇಡಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ. 79 ವರ್ಷದ ಅತ್ತೆ ನಡೆಯುವ ಜಾಗ ಅದು. ಒರಟು ಮೈಯ ಟೈಲ್ಸ್ ಹಾಕಿಸಿ. ಹಳೇ ರೆಡ್ ಆಕ್ಸೈಡ್ ನೆಲ ಬಿರುಕಿಲ್ಲದೆ ಇದ್ದರೆ ಅದನ್ನೇ ಉಳಿಸಿಕೊಳ್ಳಿ. ಬೆಳಕಿಗೆ ಎಂಟು ಹತ್ತು ಗಾಜಿನ ಹೆಂಚು ಹಾಕಿಸಿದರೆ ಹಗಲಿಗೆ ಲೈಟೇ ಬೇಡ.

ಒಲೆ ಇರಲಿ ಅಕ್ಕ. ನಮ್ಮಲ್ಲಿ ಬರುವ ಬೆಂಗಳೂರಿನವರು ಮೊದಲು ಹೋಗಿ ಕೂರುವುದು ಅದರ ಮುಂದೆ.

ಹಾರಂಗಿ ದಾರಿ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ನರ್ಸ್. ನನ್ನ ಅಮ್ಮ ಸೋಮವಾರಪೇಟೆ ಹತ್ತಿರದ ಹಳ್ಳಿಯಲ್ಲಿ 45 ವರ್ಷ ಸೌದೆ ಒಲೆ ಊದಿದವರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ಶ್ವಾಸಕೋಶ ಸೇದಿದವರ ಹಾಗೇ ಆಗಿತ್ತು. ಕೊನೆಯ ಮೂರು ವರ್ಷ ಹತ್ತು ಹೆಜ್ಜೆ ನಡೆದರೆ ದಮ್ಮು. ಎರಡೂ ಕಣ್ಣಿಗೆ ಪೊರೆ. ಹೊಗೆಯೂ ಅದಕ್ಕೆ ಒಂದು ಕಾರಣ ಅಂತ ಡಾಕ್ಟರು ಹೇಳಿದರು.

ಒಲೆಯ ಮುಂದೆ ಬೆಚ್ಚಗೆ ಕೂರುವುದು ಎಲ್ಲರಿಗೂ ಇಷ್ಟ. ಹೊಗೆ ಕುಡಿಯುವುದು ಮಾತ್ರ ಒಬ್ಬರು. ಗೋಡೆಗೆ ಬೂಷ್ಟು ಹಿಡಿದಿಲ್ಲ ಅಂತ ಬರೆದಿದ್ದೀರಿ. ಆ ಗೋಡೆಯ ಬಣ್ಣ ಯಾವುದು? ಕಪ್ಪಲ್ವಾ? ಅದೇ ಕಪ್ಪು ಅತ್ತೆಯ ಎದೆಯೊಳಗೂ ಹೋಗಿದೆ.

ಇಟ್ಟುಕೊಳ್ಳಲೇಬೇಕು ಅಂದರೆ ಮಣ್ಣಿನ ತೆರೆದ ಒಲೆ ಬೇಡ. ಹೊಗೆ ಕೊಳವೆ ಇರುವ ಮುಚ್ಚಿದ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲೇ ಹಳ್ಳಿಗಳಿಗೆ ಬಂದಿತ್ತು. ಕೆಳಗೆ ಕಂಬಿ, ಅದರ ಅಡಿಯಿಂದ ಗಾಳಿ, ಸೌದೆಗೆ ಸಣ್ಣ ಬಾಯಿ, ಪಾತ್ರೆ ಕೂತರೆ ಸಂದಿಯೇ ಇಲ್ಲ, ಹೊಗೆ ಪೂರ್ತಿ ಕೊಳವೆಯಲ್ಲಿ. ಸೌದೆಯೂ ಕಡಿಮೆ ಸಾಕು. ಮತ್ತೆ ದಯವಿಟ್ಟು ಅಡುಗೆಮನೆಯ ಒಳಗೆ ಬೇಡ, ಹಿಂದುಗಡೆ ಬೇರೆ ಜಾಗ ಮಾಡಿ.

ಗ್ಯಾಸಿನ ಬಗ್ಗೆ ಯಾರೂ ಬರೆದಿಲ್ಲ. ಹೊಸ ಅಡುಗೆಮನೆಗಳಲ್ಲಿ ಸಿಲಿಂಡರನ್ನು ಕಬೋರ್ಡಿನೊಳಗೆ ಬಾಗಿಲು ಮುಚ್ಚಿ ಇಡುತ್ತಾರೆ. ಆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೇ ನಿಲ್ಲುತ್ತದೆ. ಬಾಗಿಲ ಕೆಳಭಾಗದಲ್ಲಿ ಜಾಲರಿ ಇರಲೇಬೇಕು.

ಗಾಳಿಬೀಡು ರಸ್ತೆ

ಮೂರೂ ಜನಕ್ಕೆ ನಮಸ್ಕಾರ. ಹತ್ತು ದಿನ ಏನೂ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ನಿಮ್ಮ ಮಾತುಗಳನ್ನು ಅತ್ತೆಗೆ ಓದಿ ಹೇಳಿದೆ. ಎಲ್ಲವನ್ನೂ ಅಳೆದು, ಪರೀಕ್ಷೆ ಮಾಡಿ ನೋಡಿದ ಮೇಲೆ ಬರೆಯೋಣ ಅಂತ ಕಾದೆ.

ಹಾರಂಗಿ ದಾರಿಯವರೇ, ನಿಮ್ಮ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಾನು ಬರೆದದ್ದೆಲ್ಲ ಒಲೆಯ ಬಗ್ಗೆ, ಅದರ ಮುಂದೆ ಕೂತವರ ಕೆಮ್ಮಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅತ್ತೆಗೆ ಬೆಳಿಗ್ಗೆ ಕೆಮ್ಮು ಇದೆ. ಚಳಿಗೆ ಅಂತ ಅಂದುಕೊಂಡಿದ್ದೆವು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಫ್ ಕೊಟ್ಟಿದ್ದಾರೆ, ಹೊಗೆಯಿಂದ ದೂರ ಇರಲು ಹೇಳಿದ್ದಾರೆ. ನಿಮ್ಮ ಅಮ್ಮನ ಕಥೆ ಹೇಳಿದ್ದಕ್ಕೆ ಏನು ಹೇಳಲಿ, ನನ್ನ ಕಣ್ಣು ತೆರೆಯಿತು.

ಹಾಗಾಗಿ ಹಳೇ ಒಲೆ ಹೋಗುತ್ತದೆ. ಅಡುಗೆಮನೆಯ ಹಿಂದೆ ಸೌದೆ ಇಡುವ ಆರಡಿ ಒಂಬತ್ತಡಿಯ ಚಾವಡಿ ಇದೆ. ಅಲ್ಲಿ ಕೊಳವೆ ಇರುವ ಮುಚ್ಚಿದ ಒಲೆ ಕಟ್ಟಿಸುತ್ತೇವೆ. ಒಂದು ನಷ್ಟ ಇದೆ, ಹೇಳಿಬಿಡುತ್ತೇನೆ. ಹೊಗೆ ಹೊರಗೆ ಹೋದರೆ ಅಟ್ಟದ ಬೀಜಕ್ಕೆ, ಬಿದಿರಿಗೆ ಹುಳ ಬೀಳದ ಹಾಗೆ ಕಾಯುವವರು ಇರುವುದಿಲ್ಲ. ಕೊಳವೆಯ ಕಾವಿಗೆ ಸುತ್ತ ಒಂದು ಸರಳಿನ ಅಟ್ಟ ಮಾಡಿ ಬಟ್ಟೆ, ಉಪ್ಪು, ಮೆಣಸು ಇಡೋಣ ಅಂತ ಇದ್ದೇವೆ. ಬೀಜಕ್ಕೆ ಬೂದಿ ಹಾಕಿ ಡಬ್ಬಿಯಲ್ಲಿ ಇಡುವ ಹಳೇ ಕ್ರಮ ಅತ್ತೆಗೆ ಗೊತ್ತಿದೆ.

ಗೋಡೆ ಒಡೆಯುವುದಿಲ್ಲ, ಕಿಟಕಿ ಮಾಡಿಸುತ್ತೇವೆ. ಮಗನಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಸಪ್ಪಗಾದ. ಆಮೇಲೆ ಅವನೇ, "ಅಮ್ಮ, ಆ ಅಟ್ಟದ ಹೊಗೆ ವಾಸನೆಯ ಯೂನಿಫಾರ್ಮ್ ನೆನಪಿದೆ" ಅಂದ. ಗಾಜಿನ ಹೆಂಚು ಅವನ ಖರ್ಚು ಅಂತೆ.

ಇನ್ನು ಕಲ್ಲು. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕಂದರೆ ನಮ್ಮ ಊರಿನವರಿಗೆ ಬೇರೆ ಯಾರೂ ಇದನ್ನು ಹೇಳುವುದಿಲ್ಲ. ಅಂಗಡಿಯಿಂದ ನಾಲ್ಕು ತುಂಡು ತಂದೆ. ಬಿಳಿ ಮಾರ್ಬಲ್, ಕಡಪ, ಕಪ್ಪು ಗ್ರಾನೈಟ್, ಮತ್ತೆ ಈಗ ಎಲ್ಲರೂ ಹಾಕಿಸುತ್ತಿರುವ ಕ್ವಾರ್ಟ್ಜ್. ನಾಲ್ಕರ ಮೇಲೂ ರಾತ್ರಿ ಮಲಗುವ ಮೊದಲು ಕಾಚಂಪುಳಿ ಒಂದೊಂದು ಹನಿ ಬಿಟ್ಟೆ. ಬೆಳಿಗ್ಗೆ ಒರೆಸಿ ನೋಡಿದೆ. ಮಾರ್ಬಲ್ ಮೇಲೆ ನಾಲ್ಕಾಣೆ ಅಗಲದ ಮಂಕು ಕಲೆ. ಬೆರಳಾಡಿಸಿದರೆ ಒರಟು ತಿಳಿಯುತ್ತದೆ. ಉಜ್ಜಿದರೂ ಹೋಗುವುದಿಲ್ಲ, ಯಾಕಂದರೆ ಅದು ಅಂಟಿದ ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದಿದೆ. ಕಡಪದ ಮೇಲೆ ಬಿಳಿಚಿದ ಗುರುತು. ಅದೂ ಸುಣ್ಣದ ಕಲ್ಲೇ ಅಲ್ವಾ, ಒಳಗೆ ಶೆಲ್ಫಿಗೆ ಸರಿ, ಮೇಲೆ ಬೇಡ. ಗ್ರಾನೈಟಿಗೂ ಕ್ವಾರ್ಟ್ಜ್‌ಗೂ ಏನೂ ಆಗಲಿಲ್ಲ. ಆದರೆ ಕ್ವಾರ್ಟ್ಜ್‌ನಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿರುವುದು ಅಂಟು. ಒಲೆಯಿಂದ ಇಳಿಸಿದ ಕಾದ ಬಾಣಲೆ ನೇರ ಇಟ್ಟರೆ ಅದು ಸುಡುತ್ತದೆ. ನಮ್ಮ ಮನೆಯಲ್ಲಿ ಅವಸರಕ್ಕೆ ಎಲ್ಲಿ ಬೇಕಾದರೂ ಇಳಿಸುವವರೇ. ಹಾಗಾಗಿ ಕಪ್ಪು ಗ್ರಾನೈಟ್.

ಎತ್ತರದ ವಿಷಯ. ನಕ್ಷೆಯಲ್ಲಿ ಕಟ್ಟೆ 34 ಇಂಚು ಇತ್ತು. ನಾನು ಐದಡಿ ಮೂರಿಂಚು, ನನಗೆ ಸರಿ. ಅತ್ತೆ ನಾಲ್ಕಡಿ ಹತ್ತಿಂಚು. ಅವರನ್ನು ನಿಲ್ಲಿಸಿ ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ಅಳೆದರೆ 31 ಬಂತು. ಆಮೇಲೆ ಅವರೇ ಹೇಳಿದರು, ನೂಪುಟ್ಟು ಒತ್ತಲು ಅದೂ ಜಾಸ್ತಿ, ಮೈಭಾರ ಮೇಲಿನಿಂದ ಬೀಳಬೇಕು ಅಂತ. ಶಾವಿಗೆ ಒತ್ತುವ ಒರಳನ್ನು ಸ್ಟೂಲು, ಬೆಂಚು, ಟ್ರಂಕು ಎಲ್ಲದರ ಮೇಲೂ ಇಟ್ಟು ಒತ್ತಿ ನೋಡಿದರು. ಹಳೇ ಟ್ರಂಕಿನ ಮೇಲೆ ಒಂದು ಹಲಗೆ ಹಾಕಿದಾಗ ಸರಿ ಹೋಯಿತು. ಅಳೆದರೆ 27. ಕಿಟಕಿಯ ಹತ್ತಿರ ಮೂರಡಿ ಉದ್ದಕ್ಕೆ ಆ ಎತ್ತರದ ಇನ್ನೊಂದು ಕಟ್ಟೆ ಹಾಕಿಸುತ್ತೇನೆ. ರೊಟ್ಟಿ ತಟ್ಟಲೂ ಅದೇ. ಕೂತು ತರಕಾರಿ ಹೆಚ್ಚಲೂ ಅದೇ. ನಕ್ಷೆಯ ದೊಡ್ಡ ಕಟ್ಟೆಯ ಜಾಗಕ್ಕೆ ಬರುತ್ತಿರುವುದು ಇದು, ಮತ್ತು ಇಡೀ ಅಡುಗೆಮನೆಯಲ್ಲಿ ನನಗೆ ಅತಿ ಖುಷಿ ಕೊಟ್ಟದ್ದೂ ಇದೇ.

ಉಳಿ ಬಾಚಿ ಅಣ್ಣಾ, ಅಟ್ಟ ಹತ್ತಿಸಿ ನೋಡಿಸಿದೆ. ಎರಡು ಹೆಬ್ಬಲಸಿನ ಹಲಗೆ ಸಿಕ್ಕಿದೆ. ಏಳಡಿ ಉದ್ದ, ಒಂದೂವರೆ ಇಂಚು ದಪ್ಪ. ಮಾವ ತೊಟ್ಟಿಲು ಮಾಡಿಸಲು ಇಟ್ಟಿದ್ದಂತೆ. ಈ ಕೆಲಸ ನೀವೇ ಮಾಡಿಕೊಡುತ್ತೀರಾ? ಹೆಂಚಿನ ಮಾಡಿನಲ್ಲಿ ಒಲೆಯ ಕೊಳವೆ ಹೇಗೆ ದಾಟಿಸುವುದು ಅನ್ನುವುದೂ ಹೆದರಿಕೆ. ಮರದ ಪಕ್ಕಾಸುಗಳ ನಡುವೆ ಹೋಗಬೇಕು.

ಉಳಿ ಬಾಚಿ

ಮಾಡಿಕೊಡುತ್ತೇನೆ ಟೀಚರೇ. ಕೊಳವೆ ಆರು ಇಂಚಿನದ್ದು ಸಾಕು, ಸ್ಟೀಲಿನದ್ದು ತನ್ನಿ. ತಗಡಿನದ್ದು ಬೇಗ ತುಕ್ಕು ಹಿಡಿಯುತ್ತದೆ. ಪಕ್ಕಾಸಿಗೆ ತಾಗಬಾರದು. ಸುತ್ತ ಇನ್ನೊಂದು ದೊಡ್ಡ ಕೊಳವೆ ತೊಡಿಸಿ ನಡುವೆ ಗಾಳಿಗೆ ಜಾಗ ಬಿಡುತ್ತೇನೆ, ಬೇಕಾದರೆ ಒಂದು ಪಕ್ಕಾಸು ಸರಿಸುತ್ತೇನೆ. ಮಾಡಿನ ತುದಿಗಿಂತ ಎರಡಡಿ ಮೇಲೆ ಹೋಗಬೇಕು, ಇಲ್ಲದಿದ್ದರೆ ಗಾಳಿ ಹೊಗೆಯನ್ನು ವಾಪಸ್ ತಳ್ಳುತ್ತದೆ. ತಲೆಗೆ ಟೋಪಿ. ಪ್ರತಿ ಮೇ ತಿಂಗಳು ಮಸಿ ತೆಗೆಸಿ.

ಹಲಗೆಗೆ ಈಗಲೇ ಎಣ್ಣೆ ಗಿಣ್ಣೆ ಹಚ್ಚಬೇಡಿ. ನೆಲಕ್ಕೆ ತಾಗದ ಹಾಗೆ ಇಡಿ. ಭಾನುವಾರ ಬಂದು ನೋಡುತ್ತೇನೆ.

ಒಂದು ಕೆಲಸ ಮಾಡಿ. ಅತ್ತೆಯವರು ಮಳೆಗಾಲದಲ್ಲಿ ಮನೆಯೊಳಗೆ ಚಪ್ಪಲಿ ಹಾಕುತ್ತಾರಾ? ಹಾಕುತ್ತಾರೆ ಅಂದರೆ ಆ ಚಪ್ಪಲಿ ಹಾಕಿಸಿ ಇನ್ನೊಮ್ಮೆ ಅಳೆಯಿರಿ. ಒಂದು ಇಂಚು ವ್ಯತ್ಯಾಸ ಬರುತ್ತದೆ.

ಗಾಳಿಬೀಡು ರಸ್ತೆ

ಹಾಕುತ್ತಾರೆ ಅಣ್ಣಾ. ಈಗ ಅಳೆದೆ. 28.